ಎಚ್ಚರವಿಲ್ಲದಾಗ ಆಡಿದ ಮಾತು

ಜನವರಿ 21, ಮಂಗಳವಾರ
ಶಿವಮೊಗ್ಗ, ಆಸ್ಪತ್ರೆ

ಕೊಯ್ದಿದ್ದು ಹೊಟ್ಟೆ, ನೋಯುತ್ತಿರುವುದು ಗಂಟಲು. ಇದು ನನಗೆ ಅರ್ಥವಾಗುತ್ತಿಲ್ಲ.

ನಿನ್ನೆ ಬೆಳಿಗ್ಗೆ ಪಿತ್ತಕೋಶ ತೆಗೆದರು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಗಾಯ, ನಾಲ್ಕು ಪಟ್ಟಿ. ಅಲ್ಲಿಯೂ ನೋವಿದೆ, ತಡೆದುಕೊಳ್ಳಬಹುದು. ಗಂಟಲನ್ನು ಮಾತ್ರ ಯಾರೋ ತುರಿಮಣೆಗೆ ಹಿಡಿದು ತುರಿದ ಹಾಗಿದೆ. ಎಂಜಲು ನುಂಗುವುದಕ್ಕೂ ಧೈರ್ಯ ಬೇಕು. ಬೆಳಿಗ್ಗೆ ನರ್ಸ್ ಹೆಸರು ಕೇಳಿದಾಗ "ದಾಕ್ಷಾಯಣಿ" ಎನ್ನಲು ಹೋದೆ. ಬರೀ ಗಾಳಿ ಬಂತು, ಕೊನೆಗೊಂದು ಕೀರಲು ಸದ್ದು. ಮೂವತ್ತೊಂದು ವರ್ಷ ಭದ್ರಾವತಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಮೈಕಿಲ್ಲದೆ ಮೈದಾನದ ಆಚೆ ತುದಿಯ ಹುಡುಗನನ್ನು ಹೆಸರು ಹಿಡಿದು ನಿಲ್ಲಿಸಿದವಳು.

ಪಾಠದ ಟಿಪ್ಪಣಿ ಬಿಟ್ಟರೆ ನನಗಾಗಿ ಏನನ್ನೂ ಬರೆದುಕೊಂಡವಳಲ್ಲ. ಮಗಳು ಅಕ್ಷರಾ ಈ ನೋಟ್‌ಬುಕ್ ತಂದುಕೊಟ್ಟು, "ಏನು ಬೇಕೋ ಇದ್ರಲ್ಲಿ ಬರ್ದು ತೋರ್ಸು ಅಮ್ಮ" ಅಂದಳು. ಮೊದಲ ಹಾಳೆಯಲ್ಲಿ 'ನೀರು', 'ಫ್ಯಾನ್ ಕಡಿಮೆ ಮಾಡು', 'ನಿನ್ನ ಅಪ್ಪ ಊಟ ಮಾಡಿದರಾ' ಎಂದಿದೆ. ಉಳಿದ ಹಾಳೆಗಳು ನನಗಿರಲಿ.

ಅರಿವಳಿಕೆ ಕೊಟ್ಟ ಡಾಕ್ಟರ್ ಬಂದಿದ್ದಳು. ಚಿಕ್ಕ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ ಇರಬಹುದೇ ಎನ್ನುವಂಥ ಮುಖ. "ಉಸಿರಾಟಕ್ಕೆ ಬಾಯಿಂದ ಒಂದು ಟ್ಯೂಬ್ ಹಾಕಿರ್ತೀವಿ ಮೇಡಂ. ನಿಮಗೆ ಹಾಕೋದು ಸ್ವಲ್ಪ ಕಷ್ಟ ಆಯ್ತು, ಎರಡನೇ ಸಲಕ್ಕೆ ಹೋಯ್ತು. ಅದಕ್ಕೇ ಗಂಟಲು ನೋವು. ಎರಡು ಮೂರು ದಿನ ಇರತ್ತೆ. ಮೊದಲೇ ಹೇಳಿದ್ದೆ ನಿಮಗೆ."

ನನಗೆ ಹೇಳಿದ ನೆನಪೇ ಇಲ್ಲ. ಕಾಗದ ತಂದು ತೋರಿಸಿದಳು. ಕೆಳಗೆ ನನ್ನದೇ ಸಹಿ, ದುಂಡಗೆ. ಓದದೆ ಸಹಿ ಹಾಕಬೇಡಿ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿಲ್ಲ.

ಇನ್ನೊಂದು. ಅಕ್ಷರಾ ನನ್ನ ಕೈ ಹಿಡಿದುಕೊಂಡೇ ಕೂತಿದ್ದಾಳೆ. ದೀಪಾವಳಿಗೆ ಗಂಡನ ಮನೆಯಿಂದ ಬಂದವಳು ತಿರುಗಿ ಹೋಗಲಿಲ್ಲ. ಆಗಿನಿಂದ ನಮ್ಮಿಬ್ಬರ ನಡುವೆ ಊಟಕ್ಕೆ ಬಾ, ಗ್ಯಾಸ್ ಆರಿಸು ಎನ್ನುವಷ್ಟೇ ಮಾತು. ಈಗ ಏಕೆ ಈ ಪ್ರೀತಿ? ನನಗೆ ಬೇರೆ ಏನಾದರೂ ಕಾಯಿಲೆ ಸಿಕ್ಕಿದೆಯೇ?

ಜನವರಿ 22, ಬುಧವಾರ

ಬೆಳಗಿನ ಪಾಳಿಯ ನರ್ಸ್ ಬಿ.ಪಿ. ನೋಡುತ್ತಾ, "ಸೋಮವಾರ ಅಷ್ಟೊಂದು ಕೂಗಿದ್ದು ನೀವೇನಾ ಮೇಡಂ?" ಅಂದಳು.

ಏನು ಕೂಗಿದೆ ಎಂದು ಬರೆದು ತೋರಿಸಿದೆ. "ಮಂಪರಲ್ಲಿ ಎಲ್ರೂ ಏನಾದ್ರೂ ಅಂತಿರ್ತಾರೆ ಬಿಡಿ" ಎಂದು ನಕ್ಕು ಮುಂದಿನ ಮಂಚಕ್ಕೆ ಹೋದಳು.

ಅಕ್ಷರಾಳಿಗೆ ಅದೇ ಹಾಳೆ ತೋರಿಸಿದೆ. ಓದಿದಳು. ಮೂಸಂಬಿ ಸುಲಿಯುತ್ತಿದ್ದ ಕೈ ನಿಂತಿತು. "ಆಮೇಲೆ ಹೇಳ್ತೀನಿ ಅಮ್ಮ."

ಯಾರನ್ನು ಬೈದೆನೋ? ನನ್ನ ಗಂಡನ ಅಣ್ಣಂದಿರನ್ನೋ, ಹೆಡ್‌ಮಾಸ್ಟರನ್ನೋ? ಹೇಳಬಾರದ್ದು ನನ್ನೊಳಗೆ ಬೇಕಾದಷ್ಟಿದೆ.

ಜನವರಿ 23, ಗುರುವಾರ
ಭದ್ರಾವತಿ, ಮನೆ

ಮಧ್ಯಾಹ್ನ ಡಿಸ್ಚಾರ್ಜ್. ಇವರ ಸ್ನೇಹಿತರ ಕಾರಿನಲ್ಲಿ ಬಂದೆವು. ಹಳ್ಳ ಸಿಕ್ಕಿದಾಗಲೆಲ್ಲ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಂಡಿದ್ದೆ.

ಮಲವಗೊಪ್ಪ ಬಂತು. ಅಲ್ಲಿಯೇ ಅಕ್ಷರಾಳ ಗಂಡನ ಮನೆ. ಹೆದ್ದಾರಿಯಿಂದ ಮಹಡಿ ಕಾಣುತ್ತದೆ, ಹಸಿರು ಬಣ್ಣ. ಈ ಮೂರು ತಿಂಗಳಲ್ಲಿ ಅಲ್ಲಿ ಹಾದುಹೋದಾಗಲೆಲ್ಲ "ನೋಡು, ನಿನ್ನ ಮನೆ" ಎಂದು ಹೇಳುವುದನ್ನು ನಾನು ತಪ್ಪಿಸಿಲ್ಲ. ಇವತ್ತು ಧ್ವನಿ ಇರಲಿಲ್ಲ. ಕಾರು ಸುಮ್ಮನೆ ಮುಂದೆ ಹೋಯಿತು. ಅಕ್ಷರಾ ಆ ಕಡೆ ನೋಡದೆ ನನ್ನ ದಿಂಬು ಸರಿಮಾಡಿದಳು.

ನಾನು ಕೆಟ್ಟ ತಾಯಿಯೇನಲ್ಲ. ಬರೆದಿಡುತ್ತೇನೆ. ಅಳಿಯ ಮಲ್ಲಿಕ್ ಕುಡಿಯುವುದಿಲ್ಲ, ಕೈ ಎತ್ತಿಲ್ಲ. ತಂದೆ ಷಣ್ಮುಖಪ್ಪನವರ ಸಿಮೆಂಟ್ ಅಂಗಡಿ ನೋಡಿಕೊಳ್ಳುತ್ತಾನೆ. ಕೆಳಗೆ ಅತ್ತೆ ಮಾವ, ಮೇಲೆ ಇವರಿಬ್ಬರು. ಇವಳ ದೂರು ಒಂದೇ: ಬೆಳಿಗ್ಗೆ ಅಂಗಡಿಗೆ ಹೋಗುವಾಗ ಅವನು ಮಹಡಿಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾನೆ. ಕಳ್ಳರ ಕಾಟ, ಸೇಲ್ಸ್‌ನವರ ಕಾಟ ಅಂತ. ಏನಾದರೂ ಬೇಕಿದ್ದರೆ ಕಿಟಕಿಯಿಂದ ಅತ್ತೆಯನ್ನು ಕೂಗಬೇಕು, ಅವರು ಮೇಲೆ ಬಂದು ತೆಗೆಯುತ್ತಾರೆ.

"ಕಾಳಜಿ ಇರೋದಕ್ಕೇ ಹಾಕ್ತಾನೆ ಮಾರಾಯ್ತಿ, ಇದೂ ಒಂದು ಕಾರಣವಾ ಮನೆ ಬಿಡೋದಕ್ಕೆ?" ಎಂದು ನಾನೇ ಹೇಳಿದ್ದೆ. ಪಕ್ಕದ ಮನೆಗೆ ಕೇಳಿಸುವಂತೆ. ಫೆಬ್ರವರಿ ಎರಡಕ್ಕೆ ಬೀಗರು ಮಾತಿಗೆ ಬರುತ್ತಾರೆ. ಅಷ್ಟರೊಳಗೆ ಮಗಳನ್ನು ಒಪ್ಪಿಸುತ್ತೇನೆಂದು ಷಣ್ಮುಖಪ್ಪನವರಿಗೆ ಮಾತು ಕೊಟ್ಟಿದ್ದೇನೆ.

ಒಪ್ಪಿಸುವುದಕ್ಕೆ ಗಂಟಲು ಬೇಕಲ್ಲ.

ಜನವರಿ 26, ಭಾನುವಾರ

ಧ್ವಜಾರೋಹಣಕ್ಕೆ ಹೋಗದ ಮೊದಲ ವರ್ಷ. ಎರಡು ಮೂರು ದಿನ ಅಂದಿದ್ದರು, ಇವತ್ತಿಗೆ ಆರು. ನೋವು ಕಡಿಮೆಯಾಗಿದೆ, ಧ್ವನಿ ಮಾತ್ರ ಬಂದಿಲ್ಲ. ಬಂದವರೆಲ್ಲ ಒಂದೊಂದು ಔಷಧ ಹೇಳುತ್ತಾರೆ. ಉಪ್ಪುನೀರು, ಜ್ಯೇಷ್ಠಮಧು, ಕಾಳುಮೆಣಸಿನ ಕಷಾಯ. ಒಬ್ಬರು ತಣ್ಣಗಿನದು ಮುಟ್ಟಲೇಬೇಡಿ ಅಂದರೆ ಇನ್ನೊಬ್ಬರು ಐಸ್‌ಕ್ರೀಂ ತಿನ್ನಿ ಅನ್ನುತ್ತಾರೆ. ನಾನು ಎಲ್ಲವನ್ನೂ ಮಾಡುತ್ತಿದ್ದೇನೆ. ಯಾವುದರಿಂದ ಕಡಿಮೆಯಾಗುತ್ತಿದೆ, ಯಾವುದರಿಂದ ಆಗುತ್ತಿಲ್ಲ, ಒಂದೂ ತಿಳಿಯದು.

ಸಂಜೆ ಗಣಿತದ ಶೀತಲ್ ಟೀಚರ್ ಬಂದಿದ್ದರು. ಪ್ರತಿ ವರ್ಷ ನಾನು ಮಾಡುತ್ತಿದ್ದ ನಿರೂಪಣೆಯನ್ನು ಈ ಸಲ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮಾಡಿದಳಂತೆ. "ಚೆನ್ನಾಗಿ ಮಾಡಿದ್ಲು" ಅಂದರು. ಖುಷಿಯಾಗಬೇಕಿತ್ತು. ಆಯಿತೋ ಇಲ್ಲವೋ ಗೊತ್ತಿಲ್ಲ.

ನನ್ನ ಗಂಡ ಇಷ್ಟು ಮಾತಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಊಟಕ್ಕೆ ಕೂತಾಗ ಅಪ್ಪ ಮಗಳು ಅರ್ಧ ಗಂಟೆ ಏನೇನೋ ಹೇಳಿಕೊಂಡು ನಕ್ಕರು. ಇವರು ಲೈನ್‌ಮನ್ ಆಗಿ ಕರೆಂಟ್ ಕಂಬ ಹತ್ತುತ್ತಿದ್ದ ಕಾಲದ ಕಥೆ. ಮೂವತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ. ಹೇಳಲಿಲ್ಲವೋ, ನಾನು ಬಿಡಲಿಲ್ಲವೋ.

ಜನವರಿ 29, ಬುಧವಾರ

ಹನ್ನೊಂದು ಗಂಟೆಗೆ ಮಲ್ಲಿಕ್ ನನಗೇ ಫೋನ್ ಮಾಡಿದ. ಅಭ್ಯಾಸಬಲ, ಎತ್ತಿಬಿಟ್ಟೆ.

"ಅತ್ತೆ, ಭಾನುವಾರ ಬರ್ತಿದೀವಿ. ನೀವು ಹೇಳಿದ್ರೆ ಅವಳು ಕೇಳ್ತಾಳೆ."

ನಾನು ಹ್ಞೂಂ ಎನ್ನಲು ಹೋದೆ. ಬರಲಿಲ್ಲ.

"ಹಲೋ? ಅತ್ತೆ? ಕೇಳಿಸ್ತಿದ್ಯಾ? ಫೋನ್ ಎತ್ತಿ ಮಾತಾಡಲ್ಲ ಅಂದ್ರೆ ಏನರ್ಥ?"

ಕಟ್ ಮಾಡಿ, ಆಪರೇಷನ್ ಆಗಿ ಧ್ವನಿ ಹೋಗಿದೆ ಎಂದು ಮೆಸೇಜ್ ಹಾಕಿದೆ. ಅದನ್ನು ಓದಿದ ಮೇಲೂ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಬಂತು. ಎಣಿಸಿದೆ, ಹನ್ನೊಂದು ಸಲ. ಆಮೇಲೆ ಒಂದು ಮೆಸೇಜ್: 'ವಿಡಿಯೋ ಕಾಲ್ ಮಾಡಿ ಅತ್ತೆ, ನೋಡ್ತೀನಿ.'

ಏನನ್ನು ನೋಡುತ್ತಾನೆ? ನನ್ನ ಗಂಟಲನ್ನೇ?

ಅಕ್ಷರಾ ಟೇಬಲ್ ಮೇಲೆ ನಡುಗುತ್ತಿದ್ದ ಫೋನ್ ನೋಡಿದಳು. "ನಂಗೂ ಹಿಂಗೇ ಮಾಡ್ತಿದ್ರು ಅಮ್ಮ. ಸ್ನಾನಕ್ಕೆ ಹೋಗಿದ್ರೂ ಆಚೆ ಬಂದು ಫೋಟೋ ಕಳಿಸ್ಬೇಕಿತ್ತು" ಎಂದು ಹೇಳಿ ಬಟ್ಟೆ ಒಣಗಿಸಲು ಹೋದಳು. ಇದನ್ನು ಮೊದಲೂ ಹೇಳಿದ್ದಳೇ? ಹೇಳಿದ್ದಿರಬೇಕು. ಆಗ ನಾನು ಉತ್ತರ ಹುಡುಕುತ್ತಿದ್ದೆ ಅಂತ ಕಾಣುತ್ತದೆ, ಕೇಳಿಸಿಕೊಂಡಿದ್ದು ನೆನಪಿಲ್ಲ.

ಒಳ್ಳೆಯ ಮನೆತನ. ಹುಡುಗ ಸ್ವಲ್ಪ ಆತುರದವನು, ಅಷ್ಟೆ.

ಜನವರಿ 30, ಗುರುವಾರ

ನಿನ್ನೆ 'ಅಷ್ಟೆ' ಎಂದು ಬರೆದೆ. ಅವನು ಫೋನ್ ಮಾಡಿದ್ದು ಹನ್ನೊಂದು ಸಲ.

ಫೆಬ್ರವರಿ 1, ಶನಿವಾರ

ಕೊನೆಗೂ ಹೇಳಿದಳು.

ಬೆಳಿಗ್ಗೆ ನನ್ನ ತಲೆ ಬಾಚುತ್ತಿದ್ದಳು. ಹೊಟ್ಟೆ ಎಳೆಯುವುದರಿಂದ ನನಗೆ ಇನ್ನೂ ಕೈ ಎತ್ತಲು ಆಗುವುದಿಲ್ಲ. ನಾಳೆ ಅವರು ಬರುತ್ತಾರೆ, ನೀನು ಏನು ಹೇಳುತ್ತೀ ಎಂದು ಬರೆದು ಹಿಂದಕ್ಕೆ ತೋರಿಸಿದೆ.

"ನೀನೇ ಹೇಳಿದ್ಯಲ್ಲ ಅಮ್ಮ" ಅಂದಳು. "ಅವತ್ತು ಥಿಯೇಟರಿಂದ ಆಚೆ ತಂದ ಮೇಲೆ ನೀನು ಒಂದೇ ಸಮ ಕೂಗ್ತಿದ್ದೆ. ಸುಮ್ನಿರಿಸೋಕಾಗ್ದೆ ನನ್ನನ್ನ ಒಳಗೆ ಕರೆದ್ರು. ಕಣ್ಣು ಮುಚ್ಚಿತ್ತು ನಿಂಗೆ. ಧ್ವನಿ ಒಡೆದುಹೋಗಿತ್ತು. ಆದ್ರೂ ಬಿಡ್ಲಿಲ್ಲ. 'ಬಾಗಿಲು ತೆಗೀರಿ, ಹುಡುಗಿ ಒಳಗಿದ್ದಾಳೆ. ಬಾಗಿಲು ತೆಗೀರಿ, ಹುಡುಗಿ ಒಳಗಿದ್ದಾಳೆ.' ನರ್ಸ್ ಕೈ ಹಿಡ್ಕೊಂಡು ಹಂಗೇ ಹೇಳ್ತಿದ್ದೆ."

ಬಾಚಣಿಗೆ ನಿಂತಿತ್ತು.

"ನಿಂಗೆ ಅರ್ಥ ಆಗಿರ್ಲಿಲ್ಲ ಅಂತ ನಾನು ಅಂದ್ಕೊಂಡಿದ್ದೆ. ಅರ್ಥ ಆಗಿತ್ತು ನಿಂಗೆ. ಹೇಳೋಕಾಗ್ತಿರ್ಲಿಲ್ಲ, ಅಷ್ಟೆ. ಮಾರನೇ ದಿನಾನೇ ಶಿವಮೊಗ್ಗದ ಮೆಡಿಕಲ್ ಸ್ಟೋರಿಗೆ ಫಾರ್ಮಸಿಸ್ಟ್ ಕೆಲಸಕ್ಕೆ ಅರ್ಜಿ ಹಾಕ್ದೆ. ನಾನು ವಾಪಸ್ ಹೋಗಲ್ಲ ಅಮ್ಮ."

ನಾನು ಹಿಂದೆ ತಿರುಗಲಿಲ್ಲ. ತಿರುಗಿದ್ದರೆ ನನ್ನ ಮುಖ ಕಾಣುತ್ತಿತ್ತು.

ಏಕೆಂದರೆ ನನಗೆ ನೆನಪಾದದ್ದು ಬೇರೆ ಹುಡುಗಿ. ಹನ್ನೆರಡು ವರ್ಷದ ಹಿಂದೆ ಒಂದು ಶನಿವಾರ, ಎಂಟನೇ ಕ್ಲಾಸಿನ ಹುಡುಗಿ ಆಟದ ಸಾಮಾನಿನ ಕೋಣೆಯೊಳಗಿದ್ದಾಗ ಯಾರೋ ನೋಡದೆ ಬೀಗ ಹಾಕಿಕೊಂಡು ಹೋಗಿದ್ದರು. ಶಾಲೆ ಖಾಲಿ. ನಾನು ಮರೆತ ಛತ್ರಿಗೆಂದು ವಾಪಸ್ ಹೋದಾಗ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಕೀ ಯಾರ ಹತ್ತಿರವೂ ಇರಲಿಲ್ಲ. ಕಲ್ಲಿನಿಂದ ಬೀಗ ಒಡೆದವಳು ನಾನೇ. ಆ ಹುಡುಗಿ ಒಳಗಿದ್ದದ್ದು ಮೂರು ಗಂಟೆಯೂ ಅಲ್ಲ. ಸೋಮವಾರ ಹೆಡ್‌ಮಾಸ್ಟರ್ ಕೋಣೆಯಲ್ಲಿ ಟೇಬಲ್ ಕುಟ್ಟಿ ಕೂಗಾಡಿದ್ದೆ. ಮಂಪರಿನಲ್ಲಿ ಬಂದಿದ್ದು ಆ ಶನಿವಾರವೇ ಇರಬೇಕು. ಇಲ್ಲವೇ ಇವಳೇ ಇರಬಹುದು. ಎರಡರಲ್ಲಿ ಯಾವುದೆಂದು ಯಾರನ್ನು ಕೇಳಲಿ? ಕೂಗಿದವಳು ನಾನು, ಅಲ್ಲಿ ಇಲ್ಲದಿದ್ದವಳೂ ನಾನು.

ಅವಳಿಗೆ ಹೇಳಬೇಕಿತ್ತು. ಪೆನ್ನು ಕೈಯಲ್ಲೇ ಇತ್ತು, ಹಾಳೆಯೂ ಇತ್ತು. ಬರೆಯಲಿಲ್ಲ. ಇದು ಸುಳ್ಳು ಹೇಳಿದ ಹಾಗೆಯೇ? ನಾನು ಏನನ್ನೂ ಹೇಳಿಯೇ ಇಲ್ಲವಲ್ಲ.

ಫೆಬ್ರವರಿ 2, ಭಾನುವಾರ

ಹತ್ತೂವರೆಗೆ ಬಂದರು. ಷಣ್ಮುಖಪ್ಪನವರು, ಬೀಗಿತ್ತಿ, ಮಲ್ಲಿಕ್. ನಮ್ಮ ಕಡೆ ಹಿರಿಯರಾಗಿ ಇವರ ಸೋದರಮಾವ ಜಯಪ್ಪನವರು. ನಾನು ಗೋಡೆಗೆ ದಿಂಬು ಇಟ್ಟುಕೊಂಡು ಒರಗಿ ಕೂತಿದ್ದೆ. ಅಕ್ಷರಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಮೊದಲು ನನ್ನ ಆರೋಗ್ಯ, ಆಮೇಲೆ ಅಡಿಕೆ ರೇಟು, ಆಮೇಲೆ ವಿಷಯ.

"ಟೀಚರಮ್ಮ, ನೀವು ಮಾತು ಕೊಟ್ಟಿದ್ರಿ" ಎಂದು ಷಣ್ಮುಖಪ್ಪನವರು ಶುರು ಮಾಡಿದರು. "ಹುಡುಗರ ನಡುವೆ ಏನೋ ಸಣ್ಣದು. ನಮ್ಮ ಹುಡುಗ ಒಂದು ಹೆಜ್ಜೆ ಹಿಂದಕ್ಕೆ ಬರ್ತಾನಂತೆ. ಹೇಳೋ."

ಮಲ್ಲಿಕ್ ತಲೆ ತಗ್ಗಿಸಿಕೊಂಡೇ ಹೇಳಿದ. "ಬೀಗದ ವಿಷಯಕ್ಕೆ ತಾನೆ ಇಷ್ಟೆಲ್ಲ? ಇನ್ಮೇಲೆ ಒಂದು ಕೀ ಅವಳ ಹತ್ರಾನೇ ಇರ್ಲಿ. ನಂದೇನೂ ಅಭ್ಯಂತರ ಇಲ್ಲ."

ಎಲ್ಲರಿಗೂ ಹಗುರಾಯಿತು. ಜಯಪ್ಪನವರು ತೊಡೆ ತಟ್ಟಿಕೊಂಡು, "ಅಲ್ಲಿಗೆ ಮುಗೀತಲ್ಲ ಮಾರಾಯ! ಇನ್ನೇನು ಬೇಕು?" ಅಂದರು. ಇವರೂ ನನ್ನ ಮುಖ ನೋಡಿದರು. ನಿಜ ಹೇಳಬೇಕೆಂದರೆ ನನಗೂ ಅದು ನ್ಯಾಯವಾಗಿಯೇ ಕೇಳಿಸಿತು. ಆದರೆ ಏನೋ ಒಂದು ಕೂಡುತ್ತಿರಲಿಲ್ಲ. ವಾಕ್ಯ ಸರಿಯಿದ್ದು ಅರ್ಥ ಇಲ್ಲದಿದ್ದಾಗ ಹಾಗಾಗುತ್ತದೆ. ನಾನು ನೀರು ಕುಡಿದು, ಇರುವಷ್ಟು ಧ್ವನಿ ಕೂಡಿಸಿ ಕೇಳಿದೆ.

"ಬೀಗ ಹೊರಗಿರತ್ತೆ. ಕೀ ಒಳಗಿರತ್ತೆ. ಹೇಗೆ ತೆಗೀತಾಳೆ?"

ಒಡಕು ಧ್ವನಿ, ಯಾರದೋ ಮುದುಕಿಯದು. ಮಲ್ಲಿಕ್ ಮೊದಲ ಸಲ ತಲೆ ಎತ್ತಿದ. ಅವನ ಕಿವಿ ಕೆಂಪಾಗಿತ್ತು.

"ಅದೂ ಹೌದಲ್ವಾ" ಎಂದು ಜಯಪ್ಪನವರು ಮೆಲ್ಲಗೆ ಅಂದರು.

ಬೀಗಿತ್ತಿ ನಡುವೆ ಬಂದರು. "ಅಯ್ಯೋ, ಕೂಗಿದ್ರೆ ನಾನು ಮೇಲೆ ಬಂದು ತೆಗೀತೀನಲ್ಲ ಬೀಗಿತ್ತಿ. ಏನೋ ಜೈಲಲ್ಲಿ ಇಟ್ಟ ಹಾಗೆ ಮಾತಾಡ್ತೀರಲ್ಲ."

ಉತ್ತರ ಕೊಡಲು ಬಾಯಿ ತೆರೆದೆ. ಏನೂ ಬರಲಿಲ್ಲ. ಗಾಳಿಯೂ ಬರಲಿಲ್ಲ. ಅವರೆಲ್ಲ ಕಾಯುತ್ತಿದ್ದರು. ನಾನು ಬಾಯಿ ತೆರೆದುಕೊಂಡೇ ಕೂತಿದ್ದೆ. ಎಷ್ಟು ಹೊತ್ತೋ. ಬೀಗಿತ್ತಿ ಕಣ್ಣು ತಪ್ಪಿಸಿ ನೆಲ ನೋಡಿದರು.

ಆಗ ಇವರು ಎದ್ದು ನಿಂತರು. "ಅವಳ ಕೈಲಿ ಆಗಲ್ಲ. ನಾನು ಹೇಳ್ತೀನಿ. ನಮ್ಮ ಹುಡುಗಿ ಬರಲ್ಲ."

"ಓಂಕಾರಪ್ಪನವರೇ, ಯೋಚನೆ ಮಾಡಿ ಹೇಳಿ" ಅಂದರು ಷಣ್ಮುಖಪ್ಪನವರು.

"ಮಾಡಿದೀನಿ. ಲೈನಿನವನು ನಾನು. ಒಳಗೆ ಮನುಷ್ಯರಿದ್ದಾಗ ಹೊರಗಿಂದ ಬೀಗ ಹಾಕಿದ ಮನೆಗೆ ಬೆಂಕಿ ಬಿದ್ದಿದ್ದನ್ನ ಕಣ್ಣಾರೆ ನೋಡಿದೀನಿ."

ಇದನ್ನು ಇವರು ನನಗೆ ಯಾವತ್ತೂ ಹೇಳಿರಲಿಲ್ಲ.

ಮಾತು ಸ್ವಲ್ಪ ಏರಿತು, ಇಳಿಯಿತು. ಕಾಫಿ ಮುಟ್ಟದೆ ಎದ್ದರು. ನಾನು ಜಗಳ ಮಾಡಬೇಕೆಂದು ಕೇಳಿದ್ದಲ್ಲ. ಒಂದು ಸಂದೇಹ ಬಂತು, ಕೇಳಿದೆ, ಅಷ್ಟೆ.

ಫೆಬ್ರವರಿ 3, ಸೋಮವಾರ

ನಿನ್ನೆಯಷ್ಟೂ ಧ್ವನಿ ಇವತ್ತಿಲ್ಲ. ಕೊಟ್ಟ ಮಾತು ತಪ್ಪಿದೆ. ನನ್ನಿಂದ ಒಂದು ಸಂಸಾರ ಒಡೆಯಿತೇ, ಮೊದಲೇ ಒಡೆದಿತ್ತೇ?

'ಬೀಗ' ಎಂಬ ಪದದ ಎರಡು ಅರ್ಥ ಬರೆಯಿರಿ. ಪ್ರತಿ ವರ್ಷ ಒಂದು ಅಂಕಕ್ಕೆ ಕೊಡುತ್ತಿದ್ದ ಪ್ರಶ್ನೆ. ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಫೆಬ್ರವರಿ 6, ಗುರುವಾರ

ಹದಿನೇಳು ದಿನವಾಯಿತು. ಇವರು ಹಟ ಹಿಡಿದು ಶಿವಮೊಗ್ಗಕ್ಕೆ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮೂಗಿನಿಂದ ದಾರದಂಥ ಕ್ಯಾಮೆರಾ ಇಳಿಸಿದರು. ಕಣ್ಣಲ್ಲಿ ನೀರು ಬಂತು, ಆದರೂ ಟಿ.ವಿ.ಯಲ್ಲಿ ನೋಡಿದೆ. ಒಳಗೆ ಎರಡು ಬಿಳಿ ಎಳೆ, ಬಾಗಿಲ ಹಾಗೆ ತೆರೆದು ಮುಚ್ಚುತ್ತವೆ. ಎಡಗಡೆಯದು ಕೆಂಪಗೆ ಊದಿಕೊಂಡಿದೆ, ಸರಿಯಾಗಿ ಮುಚ್ಚುತ್ತಿಲ್ಲ. ಮೂವತ್ತೊಂದು ವರ್ಷದ ಸಂಬಳ ಇವುಗಳದ್ದೇ.

"ಟ್ಯೂಬ್ ತಾಗಿ ಊದಿದೆ. ಆಮೇಲೆ ಕೂಗಾಡಿದ್ರಿ ಅಂತೀರಿ, ಅದೂ ಸೇರ್ಕೊಂಡಿದೆ" ಅಂದರು ಡಾಕ್ಟರ್. "ವಾಸಿ ಆಗತ್ತೆ. ಆರು ವಾರ, ಎಂಟು ವಾರ. ಮಾತು ಆದಷ್ಟು ಕಡಿಮೆ. ಪಿಸುಮಾತಂತೂ ಬೇಡವೇ ಬೇಡ, ಅದು ಇನ್ನೂ ಕೆಟ್ಟದ್ದು."

ಮೆಲ್ಲಗೆ ಮಾತಾಡಿದರೆ ಒಳ್ಳೆಯದು ಎಂದುಕೊಂಡು ಇಷ್ಟು ದಿನವೂ ಪಿಸುಗುಟ್ಟುತ್ತಿದ್ದೆ!

ಪರೀಕ್ಷೆಗೆ ಮೊದಲು ಹತ್ತನೇ ಕ್ಲಾಸಿಗೆ ಪುನರಾವರ್ತನೆ ಮಾಡಲಾಗುವುದಿಲ್ಲ. ಹೊರಡುವಾಗ ಒಂದು ಪ್ರಶ್ನೆ ಬರೆದು ತೋರಿಸಿದೆ: ಮಂಪರಿನಲ್ಲಿ ಮನುಷ್ಯರು ಆಡುವುದು ಅವರ ಮನಸ್ಸಿನ ಮಾತೇ?

ಡಾಕ್ಟರ್ ಓದಿ ಕನ್ನಡಕ ತೆಗೆದರು. "ಕೆಲವರು ಸತ್ತ ತಾಯಿನ ಕರೀತಾರೆ. ಒಬ್ಬ ಪೂರ್ತಿ ಬಸ್ಸಿನ ಸ್ಟಾಪ್‌ಗಳನ್ನ ಹೇಳಿದ್ದ. ಅದಕ್ಕೆ ಕ್ಯಾಮೆರಾ ಇಲ್ಲ ಮೇಡಂ."

ಫೆಬ್ರವರಿ 12, ಬುಧವಾರ

ಅಕ್ಷರಾಳಿಗೆ ಕೆಲಸ ಸಿಕ್ಕಿದೆ. ಆದರೆ ಸರ್ಟಿಫಿಕೇಟುಗಳೆಲ್ಲ ಮಲವಗೊಪ್ಪದಲ್ಲಿ. ಜಯಪ್ಪನವರು ಫೋನ್ ಮಾಡಿ, ಮಲ್ಲಿಕ್ ಅಂಗಡಿಯಲ್ಲಿರುವ ಹೊತ್ತಿಗೆ ಬಂದು ತೆಗೆದುಕೊಂಡು ಹೋಗುವುದೆಂದು ಮಾತಾಡಿದ್ದರು. ಅವಳೊಬ್ಬಳನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಹೋದೆವು.

ಬೀಗಿತ್ತಿ ಒಬ್ಬರೇ ಇದ್ದರು. ಕೀ ಕೊಟ್ಟರು. ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಹೊಟ್ಟೆ ಹಿಡಿದುಕೊಂಡು ನಿಧಾನಕ್ಕೆ ಹತ್ತಿದೆ. ಮನೆ ಚೊಕ್ಕಟವಾಗಿದೆ. ಅಡುಗೆಮನೆಯ ಕಿಟಕಿಯ ಹತ್ತಿರ ಗೋಡೆಯ ಬಣ್ಣ ಒಂದು ಕಡೆ ಮಾಸಿತ್ತು, ಯಾರೋ ದಿನಾ ಅಲ್ಲಿ ಒರಗಿ ನಿಂತ ಹಾಗೆ. ಅಕ್ಷರಾ ಬೀರುವಿನಿಂದ ಫೈಲ್ ತೆಗೆದಳು, ಎರಡು ಸೀರೆ, ಒಂದು ಸ್ವೆಟರ್. ಹತ್ತು ನಿಮಿಷದಲ್ಲಿ ಮುಗಿಯಿತು.

ಇಳಿದು ಬಂದಾಗ ಬೀಗಿತ್ತಿ ಅವಳ ಕೈಗೆ ಒಂದು ಡಬ್ಬಿ ಉಪ್ಪಿನಕಾಯಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು. "ಮಂಡಿನೋವು ಕಣಮ್ಮ ನಂಗೆ. ದಿನಕ್ಕೆ ಎಷ್ಟು ಸಲ ಅಂತ ಹತ್ತಲಿ? ಕೂಗಿದ್ದು ಕೇಳಿಸಿದ್ರೂ ಒಂದೊಂದ್ಸಲ ಸುಮ್ನೆ ಇದ್ದುಬಿಡ್ತಿದ್ದೆ."

ಅಕ್ಷರಾ, "ಗೊತ್ತಿತ್ತು ಅತ್ತೆ" ಅಂದಳು. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅದು ನನಗೆ ಅರ್ಥವಾಗಲಿಲ್ಲ. ಈಗಲೂ ಆಗಿಲ್ಲ.

ಭದ್ರಾವತಿ ಬಸ್ಸಿನಲ್ಲಿ ಸೀಟು ಸಿಕ್ಕಿತು. ಫೈಲ್ ಅವಳ ತೊಡೆಯ ಮೇಲಿತ್ತು. ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಅನ್ನಿಸಿತು. ಡಾಕ್ಟರ ಮಾತು ಮೀರಿ, ಒಡಕು ಧ್ವನಿಯಲ್ಲಿ, ನಿಲ್ಲಿಸಿ ನಿಲ್ಲಿಸಿ, ಶಾಲೆಯ ಆ ಶನಿವಾರದ್ದನ್ನು ಹೇಳಿದೆ. ಕೋಣೆ, ಹುಡುಗಿ, ಕಲ್ಲು.

ಅವಳು ತೊಡೆಯ ಮೇಲಿನ ಫೈಲನ್ನು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು.

"ಹಾಗಾದ್ರೆ ಅವತ್ತು ಆಸ್ಪತ್ರೆಲಿ ನೀನು ಹೇಳಿದ್ದು ನನ್ನ ಬಗ್ಗೆ ಅಲ್ವಾ?"

"ಗೊತ್ತಿಲ್ಲ ಕಣೇ."

"ಮತ್ತೆ ಆ ಭಾನುವಾರ ಕೀ ವಿಷಯ ಅವರನ್ನ ಹಂಗೆ ಕೇಳಿದ್ದು?"

"ಭಾನುವಾರ ನಂಗೆ ಪೂರ್ತಿ ಎಚ್ಚರ ಇತ್ತು" ಅಂದೆ.